ಮೊದಲ ಹಾಫ್ ಐರನ್‌ಮ್ಯಾನ್‌ಗೆ ಮನಸ್ಸಿನ ತಯಾರಿ: ನಿಧಾನಗತಿಯವರಿಗೊಂದು ಮಾರ್ಗದರ್ಶಿ

ಗೋವಾದ ಮಿರಾಮಾರ್ ಕಡಲತೀರದಲ್ಲಿ 2019ರ ಅಕ್ಟೋಬರ್‌ನಲ್ಲಿ ಐರನ್‌ಮ್ಯಾನ್ 70.3, ಅಂದರೆ ಹಾಫ್ ಐರನ್‌ಮ್ಯಾನ್ ಸ್ಪರ್ಧೆ ಮೊದಲ ಬಾರಿಗೆ ನಡೆಯಿತು. ಬೆಂಗಳೂರಿನಿಂದ ಒಂದು ರಾತ್ರಿಯ ಪಯಣದಷ್ಟು ದೂರದಲ್ಲಿರುವ ಈ ಸ್ಪರ್ಧೆಗೆ ಸೈಕಲ್ಲನ್ನು ಬಿಚ್ಚಿ, ಪೆಟ್ಟಿಗೆಗೆ ತುಂಬಿ ಹೊರಡುವ ಹವ್ಯಾಸಿಗಳು ನಮ್ಮಲ್ಲಿ ಸಾಕಷ್ಟಿದ್ದಾರೆ. 1.9 ಕಿ.ಮೀ. ಸಮುದ್ರದ ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ, ಮೂರೂ ಒಂದರ ಬೆನ್ನಿಗೊಂದು. ಒಟ್ಟು 113 ಕಿ.ಮೀ., ಅಂದರೆ 70.3 ಮೈಲಿ, ಹೆಸರು ಬಂದದ್ದೂ ಅದರಿಂದಲೇ. ಈ ಲೇಖನವನ್ನು ಆ ದೂರವನ್ನು ಮೊದಲ ಬಾರಿಗೆ ಎದುರಿಸುತ್ತಿರುವ, ಮುಕ್ತಾಯದ ಗೆರೆ ದಾಟಿದರೆ ಕೊನೆಯ ಕೆಲವು ಮಂದಿಯ ಜೊತೆಯಲ್ಲೇ ದಾಟಬಹುದಾದ ಓದುಗರಿಗಾಗಿ ಬರೆದಿದ್ದೇನೆ. ನಾನೂ ಅದೇ ಸಾಲಿನವನು. ನನ್ನ ಮೊದಲ ಸ್ಪರ್ಧೆಗೆ 8 ಗಂಟೆ 14 ನಿಮಿಷ ಹಿಡಿಯಿತು.

ಮನಸ್ಸಿನ ತಯಾರಿಯ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ವೇಗವಾಗಿ ಓಡುವವರಿಗೆ ಹೇಳಿದಂಥವು. ನೋವನ್ನು ತಡೆದುಕೊಳ್ಳುವುದು ಹೇಗೆ, ಎದುರಾಳಿಯನ್ನು ಹಿಂದಿಕ್ಕುವುದು ಹೇಗೆ ಎಂಬುದರ ಸುತ್ತಲೇ ಅವು ಸುತ್ತುತ್ತವೆ. ನಿಧಾನಗತಿಯವರ ಕಷ್ಟಗಳು ಬೇರೆ: ಬೆನ್ನಟ್ಟಿ ಬರುವ ಗಡಿಯಾರ, ಗಂಟೆಗಟ್ಟಲೆ ಒಬ್ಬರೇ ಇರಬೇಕಾದ ದಾರಿ, ಮತ್ತು ಎಲ್ಲರೂ ಮುಗಿಸಿ ಊಟಕ್ಕೆ ಕುಳಿತ ಹೊತ್ತಿನಲ್ಲಿ ಮಟಮಟ ಬಿಸಿಲಿನಲ್ಲಿ ಓಡುತ್ತಿರುವ ಮುಜುಗರ. ಈ ಮೂರಕ್ಕೂ ಮನೆಯಲ್ಲೇ ತಯಾರಾಗಬಹುದು.

ಆರು ತಿಂಗಳ ಮುಂಚೆ: ಭಯವನ್ನು ಲೆಕ್ಕಕ್ಕಿಳಿಸಿ

ಹೆಸರು ನೋಂದಾಯಿಸಿದ ರಾತ್ರಿಯೇ ಏಳುವ ‘ನನ್ನಿಂದ ಆಗುತ್ತದೆಯೇ’ ಎಂಬ ಪ್ರಶ್ನೆಗೆ ಧೈರ್ಯದ ಮಾತುಗಳಲ್ಲಿ ಉತ್ತರ ಹುಡುಕಬೇಡಿ. ಒಂದು ಹಾಳೆ ತೆಗೆದುಕೊಂಡು ಕಟ್‌ಆಫ್ ಸಮಯಗಳನ್ನು, ಅಂದರೆ ಮೀರಿದರೆ ಸ್ಪರ್ಧೆಯಿಂದ ಹೊರಗಾಗುವ ಮಿತಿಗಳನ್ನು, ಬರೆಯಿರಿ. ಈ ದೂರದ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಈಜಿಗೆ 1 ಗಂಟೆ 10 ನಿಮಿಷ, ಈಜು ಮತ್ತು ಸೈಕಲ್ ಎರಡೂ ಸೇರಿ 5 ಗಂಟೆ 30 ನಿಮಿಷ, ಒಟ್ಟಾರೆ 8 ಗಂಟೆ 30 ನಿಮಿಷದ ಮಿತಿ ಇರುತ್ತದೆ. 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್ ಮತ್ತು 42.2 ಕಿ.ಮೀ. ಓಟದ ಪೂರ್ಣ ಐರನ್‌ಮ್ಯಾನ್‌ಗೆ ಸಾಂಪ್ರದಾಯಿಕ ಮಿತಿ 17 ಗಂಟೆ. ಊರಿಂದ ಊರಿಗೆ, ವರ್ಷದಿಂದ ವರ್ಷಕ್ಕೆ ಇವು ಬದಲಾಗುವುದುಂಟು. ಆದ್ದರಿಂದ ನಿಮ್ಮ ಸ್ಪರ್ಧೆಯ ಆ ವರ್ಷದ ಕೈಪಿಡಿಯಲ್ಲಿರುವುದನ್ನೇ ಅಂತಿಮವೆಂದು ತಿಳಿಯಬೇಕು.

ಈಗ ಭಾಗಾಕಾರ ಮಾಡಿ. 1.9 ಕಿ.ಮೀ.ಗೆ 70 ನಿಮಿಷವೆಂದರೆ ಪ್ರತಿ ನೂರು ಮೀಟರ್‌ಗೆ 3 ನಿಮಿಷ 41 ಸೆಕೆಂಡು. ಈಜುಕೊಳದಲ್ಲಿ ನಿಮಗೆ ಮೂರು ನಿಮಿಷ ಸಾಕೆಂದಾದರೆ ಈಜು 57 ನಿಮಿಷದ ಕೆಲಸ. ಸಮುದ್ರದಲ್ಲಿ ಅಡ್ಡಾದಿಡ್ಡಿ ಹೋಗಿ ನೂರಿನ್ನೂರು ಮೀಟರ್ ಹೆಚ್ಚೇ ಈಜಿದರೂ ಮಿತಿಯೊಳಗೇ ಇರುತ್ತೀರಿ. ಈಜಿಗೆ ಒಂದು ಗಂಟೆ, ಬಟ್ಟೆ ಸರಿಪಡಿಸಿಕೊಂಡು ಸೈಕಲ್ ಹಿಡಿಯುವ ಮೊದಲ ಟ್ರಾನ್ಸಿಷನ್‌ಗೆ ಹತ್ತು ನಿಮಿಷ ಹೋದರೆ, 90 ಕಿ.ಮೀ.ಗೆ 4 ಗಂಟೆ 20 ನಿಮಿಷ ಉಳಿಯುತ್ತದೆ, ಅಂದರೆ ಗಂಟೆಗೆ ಸುಮಾರು 20.8 ಕಿ.ಮೀ. ಅಷ್ಟೂ ಸಮಯವನ್ನು ಬಳಸಿಕೊಂಡು ಸೈಕಲ್ ಇಳಿದಿರಿ, ಎರಡನೆಯ ಟ್ರಾನ್ಸಿಷನ್‌ಗೆ ಇನ್ನೈದು ನಿಮಿಷ ಹೋಯಿತು ಎಂದಿಟ್ಟುಕೊಳ್ಳಿ. ಓಟಕ್ಕೆ 2 ಗಂಟೆ 55 ನಿಮಿಷ ಉಳಿದಿರುತ್ತದೆ, ಕಿಲೋಮೀಟರಿಗೆ 8 ನಿಮಿಷ 17 ಸೆಕೆಂಡು.

ಈ ಕೊನೆಯ ಅಂಕಿಯ ಮುಂದೆ ಸ್ವಲ್ಪ ಹೊತ್ತು ಕೂರಬೇಕು. ಕಿಲೋಮೀಟರಿಗೆ ಹತ್ತು ನಿಮಿಷದಂತೆ ಬಿರುಸಾಗಿ ನಡೆದರೂ 21.1 ಕಿ.ಮೀ.ಗೆ ಮೂರೂವರೆ ಗಂಟೆ ಬೇಕು. ಆದ್ದರಿಂದ ‘ಕೊನೆಗೆ ನಡೆದಾದರೂ ಮುಗಿಸುತ್ತೇನೆ’ ಎಂಬ ಸಮಾಧಾನ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಆದರೆ ನಾಲ್ಕು ನಿಮಿಷ ನಿಧಾನವಾಗಿ, ಕಿಲೋಮೀಟರಿಗೆ 7 ನಿಮಿಷ 15 ಸೆಕೆಂಡಿನ ಗತಿಯಲ್ಲಿ ಓಡಿ, ಮತ್ತೊಂದು ನಿಮಿಷ ಕಿಲೋಮೀಟರಿಗೆ 11 ನಿಮಿಷದ ಗತಿಯಲ್ಲಿ ನಡೆಯುತ್ತಾ ಹೋದರೆ ಸರಾಸರಿ 7 ನಿಮಿಷ 47 ಸೆಕೆಂಡು ಬೀಳುತ್ತದೆ, ಓಟ ಸುಮಾರು 2 ಗಂಟೆ 44 ನಿಮಿಷದಲ್ಲಿ ಮುಗಿಯುತ್ತದೆ. ಹನ್ನೊಂದು ನಿಮಿಷ ಮಿಗುತ್ತದೆ! ‘ಆಗುತ್ತದೆಯೇ’ ಎಂದು ಎದೆಯಲ್ಲಿ ಗುಂಯ್‌ಗುಡುತ್ತಿದ್ದ ಪ್ರಶ್ನೆ ಈಗ ‘ಸೈಕಲ್‌ನಲ್ಲಿ ಗಂಟೆಗೆ 22 ಕಿ.ಮೀ. ಹಿಡಿಯಬಲ್ಲೆನೇ, ಅದಾದ ಮೇಲೆ ನಾಲ್ಕು ನಿಮಿಷ ಓಡಬಲ್ಲೆನೇ’ ಎಂಬ ಎರಡು ಸಣ್ಣ ಪ್ರಶ್ನೆಗಳಾಗಿ ಒಡೆದಿದೆ. ಇವೆರಡಕ್ಕೂ ಪ್ರತಿ ಭಾನುವಾರ ರಸ್ತೆಯಲ್ಲೇ ಉತ್ತರ ಸಿಗುತ್ತದೆ.

2024ರ ಅಕ್ಟೋಬರ್‌ನಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಗೋವಾದಲ್ಲಿ ಗೆರೆ ದಾಟಿದ್ದು 8 ಗಂಟೆ 27 ನಿಮಿಷ 32 ಸೆಕೆಂಡಿಗೆ. ರಾಜಕೀಯವನ್ನು ಬದಿಗಿಟ್ಟು ಆ ಅಂಕಿಯನ್ನಷ್ಟೇ ನೋಡಿದರೆ, ಎಂಟೂವರೆ ಗಂಟೆಯ ಬಾಗಿಲು ಮುಚ್ಚಲು ಎರಡೂವರೆ ನಿಮಿಷವೂ ಉಳಿದಿರಲಿಲ್ಲ. ಸೈಕಲ್‌ನಲ್ಲಿ ಒಂದು ಪಂಕ್ಚರ್ ಆಗಿದ್ದರೂ ಕತೆ ಬೇರೆಯಾಗುತ್ತಿತ್ತು. ನಿಧಾನಗತಿಯವರು ಟ್ಯೂಬ್ ಬದಲಿಸುವುದನ್ನು ಮನೆಯ ಅಂಗಳದಲ್ಲಿ ಹತ್ತು ಸಲವಾದರೂ ಮಾಡಿ ನೋಡಬೇಕೆಂದು ನಾನು ಒತ್ತಾಯಿಸುವುದು ಈ ಕಾರಣಕ್ಕೆ. ಕೈಗೆ ರೂಢಿಯಾದ ಕೆಲಸ ಮನಸ್ಸನ್ನು ಕೆದಕುವುದಿಲ್ಲ.

ನಾಲ್ಕು ತಿಂಗಳ ಮುಂಚೆ: ಹಿಂದುಳಿಯುವುದನ್ನು ರೂಢಿಸಿಕೊಳ್ಳಿ

ಗುಂಪಿನಲ್ಲಿ ಸೈಕಲ್ ಹೊಡೆಯುವುದು, ಕಿವಿಗೆ ಹಾಡು ಹಾಕಿಕೊಂಡು ಓಡುವುದು ಸುಖವೇ. ಆದರೆ ಸ್ಪರ್ಧೆಯಲ್ಲಿ ಇಯರ್‌ಫೋನ್ ನಿಷಿದ್ಧ, ಮುಂದಿನ ಸೈಕಲ್ಲಿನ ಬೆನ್ನಿಗೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವುದು ನಿಷಿದ್ಧ, ಮನೆಯವರು ಪಕ್ಕದಲ್ಲಿ ಓಡಿಬಂದು ನೀರು ಕೊಡುವುದೂ ನಿಷಿದ್ಧ. ಆ ಎಂಟು ಗಂಟೆ ನಿಮ್ಮ ಜೊತೆಗಿರುವುದು ನಿಮ್ಮ ತಲೆಯೊಳಗಿನ ಮಾತು ಮಾತ್ರ. ಹಾಗಾಗಿ ವಾರದ ದೊಡ್ಡ ಅಭ್ಯಾಸಗಳಲ್ಲಿ ಒಂದನ್ನು ಒಬ್ಬರೇ, ಹಾಡಿಲ್ಲದೆ, ಫೋನನ್ನು ಚೀಲದೊಳಗಿಟ್ಟು ಮುಗಿಸಬೇಕು. ಮೊದಲೆರಡು ವಾರ ಬೇಸರವೆಂಬುದು ಕಾಲುನೋವಿಗಿಂತ ದೊಡ್ಡದಾಗಿ ಕಾಣುತ್ತದೆ. ಆಮೇಲೆ ತಲೆ ತನ್ನಷ್ಟಕ್ಕೆ ತಾನೇ ಏನಾದರೂ ಹುಡುಕಿಕೊಳ್ಳುತ್ತದೆ. ನಾನು ಹತ್ತೊಂಬತ್ತರ ಮಗ್ಗಿಯನ್ನು ಹಿಂದುಮುಂದಾಗಿ ಹೇಳಿಕೊಳ್ಳುತ್ತಿದ್ದೆ, ನನ್ನ ಗೆಳೆಯರೊಬ್ಬರು ದಾಸರ ಪದಗಳನ್ನು.

ಇದರ ಜೊತೆಗೆ, ನಿಮಗಿಂತ ವೇಗವಾಗಿರುವವರ ಜೊತೆ ಬೇಕೆಂದೇ ಒಂದೆರಡು ಸಲ ಹೊರಡಿ. ನಂದಿ ಬೆಟ್ಟದ ತಿರುವುಗಳಲ್ಲಿ ಅವರು ಕಣ್ಮರೆಯಾಗಲಿ, ನೀವು ನಿಮ್ಮ ಗತಿಯಲ್ಲೇ ಹತ್ತಿ. ಅವರನ್ನು ಹಿಡಿಯಲು ಹೋದ ದಿನ ಎಲ್ಲಿ ಕುಸಿದಿರಿ, ಬಿಟ್ಟುಕೊಟ್ಟ ದಿನ ಎಲ್ಲಿಯವರೆಗೆ ಗಟ್ಟಿಯಾಗಿದ್ದಿರಿ ಎಂಬುದನ್ನು ಬರೆದಿಡಿ. ಸ್ಪರ್ಧೆಯ ದಿನ ಸೈಕಲ್ ಹತ್ತಿದ ಮೊದಲ ಒಂದು ಗಂಟೆ ನೂರಾರು ಜನ ನಿಮ್ಮನ್ನು ದಾಟಿ ಹೋಗುತ್ತಾರೆ. ಆ ಹೊತ್ತಿನಲ್ಲಿ ಮೈಮೇಲೆ ಬರುವ ಹುರುಪೇ ಮಧ್ಯಾಹ್ನದ ಓಟವನ್ನು ಕೆಡಿಸುವುದು.

ಹಿಂದುಳಿದವರ ಪೈಕಿ ಒಬ್ಬರನ್ನು ಇಲ್ಲಿ ನೆನೆಯಬೇಕು. ಜಪಾನಿನ ಹಿರೋಮು ಇನಾಡಾ ಪತ್ರಕರ್ತರಾಗಿದ್ದವರು; ಅರವತ್ತರಲ್ಲಿ ನಿವೃತ್ತರಾದ ಮೇಲೆ ಈಜು ಆರಂಭಿಸಿ, ಎಪ್ಪತ್ತರಲ್ಲಿ ಮೊದಲ ಟ್ರಯಥ್ಲಾನ್ (ಈಜು, ಸೈಕಲ್, ಓಟ ಮೂರೂ ಸೇರಿದ ಸ್ಪರ್ಧೆ) ಮಾಡಿದರು. 2015ರಲ್ಲಿ ಹವಾಯಿಯ ಪೂರ್ಣ ಐರನ್‌ಮ್ಯಾನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಗೆರೆಯ ಸಮೀಪವೇ ಕುಸಿದು, ಕೆಲವೇ ಸೆಕೆಂಡುಗಳಿಂದ ಸಮಯ ತಪ್ಪಿಸಿಕೊಂಡರು. 2018ರಲ್ಲಿ, ತಮ್ಮ 85ನೆಯ ವಯಸ್ಸಿನಲ್ಲಿ, ಅದೇ ಸ್ಪರ್ಧೆಯನ್ನು 16 ಗಂಟೆ 53 ನಿಮಿಷ 49 ಸೆಕೆಂಡಿನಲ್ಲಿ ಮುಗಿಸಿದರು. 17 ಗಂಟೆಯ ಮಿತಿಗೆ ಆರು ನಿಮಿಷ ಚಿಲ್ಲರೆ ಉಳಿದಿತ್ತು. ಆ ಸ್ಪರ್ಧೆಯ ಕೊನೆಯ ಗಂಟೆಯಲ್ಲಿ, ಬೆಳಗ್ಗೆಯಿಂದ ಗೆದ್ದು ಮುಗಿಸಿದವರೂ ಸ್ನಾನ ಮಾಡಿ ಮರಳಿ ಬಂದು, ಕೊನೆಯವರಿಗೆ ಚಪ್ಪಾಳೆ ತಟ್ಟುತ್ತಾ ನಿಲ್ಲುವ ರೂಢಿಯಿದೆ.

ನೀರು: ಇದಕ್ಕೆ ಹೆಚ್ಚು ಸಮಯ ಕೊಡಿ

ಈಜುಕೊಳದಲ್ಲಿ ಕಲಿತವರಿಗೆ ಸಮುದ್ರದಲ್ಲಿ ಹುಟ್ಟುವ ದಿಗಿಲಿಗೆ ಅವರ ಈಜಿನ ಬಲಹೀನತೆ ಕಾರಣವಾಗಿರುವುದು ಕಡಿಮೆ. ಕಾಲಿಗೆ ನೆಲ ಸಿಗುವುದಿಲ್ಲ, ಐವತ್ತು ಮೀಟರಿಗೊಮ್ಮೆ ಹಿಡಿಯಲು ಗೋಡೆಯಿಲ್ಲ, ತಳದ ಕಪ್ಪು ಗೆರೆಯಿಲ್ಲ, ಪಕ್ಕದವರ ಕೈ ನಿಮ್ಮ ಕನ್ನಡಕಕ್ಕೆ ಬಡಿಯುತ್ತದೆ. ಆಗ ಉಸಿರು ಒಳಗೇ ಸಿಕ್ಕಿಕೊಳ್ಳುತ್ತದೆ. ಗಾಬರಿಯಾದವರು ‘ಗಾಳಿ ಸಾಲುತ್ತಿಲ್ಲ’ ಎಂದುಕೊಂಡು ಮತ್ತಷ್ಟು ಎಳೆದುಕೊಳ್ಳುತ್ತಾರೆ. ನಿಜವಾಗಿ ಆಗಿರುವುದು ಗಾಳಿಯನ್ನು ಪೂರ್ತಿ ಹೊರಬಿಡದಿರುವುದು.

ಆದ್ದರಿಂದ ಮೊದಲ ಅಭ್ಯಾಸ ಉಸಿರು ಬಿಡುವುದು. ಕೊಳದಲ್ಲಿ ಎದೆಮಟ್ಟದ ನೀರಿನಲ್ಲಿ ನಿಂತು, ಮುಖ ಮುಳುಗಿಸಿ, ನಾಲ್ಕು ಎಣಿಸುವವರೆಗೆ ಗುಳ್ಳೆಗಳನ್ನು ಬಿಡಿ. ಎರಡು ಎಣಿಸುವಷ್ಟರಲ್ಲಿ ಉಸಿರು ತೆಗೆದುಕೊಳ್ಳಿ. ಇದನ್ನು ಪ್ರತಿ ದಿನದ ಈಜಿನ ಮೊದಲ ಐದು ನಿಮಿಷ ಮಾಡಬೇಕು. ಎರಡನೆಯದು ಗೋಡೆ ಮುಟ್ಟದೆ ಈಜುವುದು: ಐವತ್ತು ಮೀಟರ್ ಕೊಳದಲ್ಲಿ 1.9 ಕಿ.ಮೀ. ಎಂದರೆ 38 ಸಲ ಆಚೆ ದಡ ಸೇರುವುದು, ಪ್ರತಿ ಸಲವೂ ಗೋಡೆಗೆ ಎರಡು ಮೀಟರ್ ಮೊದಲೇ ತಿರುಗಿಬಿಡಿ. ಮೂರನೆಯದು, ಲೇನ್ ಖಾಲಿಯಿದ್ದಾಗ ಆರು ಸಲ ಕೈ ಬೀಸುವವರೆಗೆ ಕಣ್ಣು ಮುಚ್ಚಿ, ಏಳನೆಯದಕ್ಕೆ ತಲೆ ಎತ್ತಿ ಎದುರಿನ ಒಂದು ಗುರುತನ್ನು ನೋಡುವುದು. ಸಮುದ್ರದಲ್ಲಿ ಬೂಯ್ ಎನ್ನುವ ತೇಲುಗುರುತುಗಳನ್ನು ಹುಡುಕುವುದು ಹೀಗೆಯೇ. ನಾಲ್ಕನೆಯದು ಸ್ವಲ್ಪ ಒರಟು: ಇಬ್ಬರು ಗೆಳೆಯರನ್ನು ಒಂದೇ ಲೇನಿಗೆ ಕರೆದು, ಅವರು ನಿಮ್ಮ ಕಾಲು ಹಿಡಿಯಲಿ, ಭುಜಕ್ಕೆ ತಾಗಲಿ. ಕೊಳದ ಜೀವರಕ್ಷಕರು ಒಪ್ಪಿದರೆ ಮಾತ್ರ.

ಕೊಳದಿಂದ ಸಮುದ್ರಕ್ಕೆ ಹೋಗುವಲ್ಲಿ ನಮ್ಮವರಿಗೆ ಒಂದು ತೊಡಕಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಕಡಲು ಕೆರಳಿರುತ್ತದೆ, ಯಾರೂ ಇಳಿಯಬಾರದು. ಸ್ಪರ್ಧೆ ಮಳೆಗಾಲದ ಬೆನ್ನಿಗೇ ಬಂದರೆ ಅಭ್ಯಾಸಕ್ಕೆ ಸಿಗುವುದು ಕೆಲವೇ ವಾರ. ಸಾಧ್ಯವಾದರೆ ಅದರ ಹಿಂದಿನ ಬೇಸಿಗೆಯಲ್ಲಿ, ಅಂದರೆ ಮುಂಗಾರಿಗೆ ಮೊದಲೇ, ಮಲ್ಪೆಯಲ್ಲೋ ಪಣಂಬೂರಿನಲ್ಲೋ ಕಾರವಾರದಲ್ಲೋ, ಅಲ್ಲಿನ ನೀರನ್ನು ಬಲ್ಲ ಈಜುಗಾರರ ಜೊತೆಯಲ್ಲಿ, ನಾಲ್ಕೈದು ಸಲ ಇಳಿದು ಬನ್ನಿ. ಒಬ್ಬರೇ ಹೋಗಬೇಡಿ. ಉಪ್ಪುನೀರು ಗಂಟಲಿಗೆ ಹೋದಾಗ ಏನಾಗುತ್ತದೆ ಎಂಬುದು ಮೊದಲ ಬಾರಿಗೆ ಸ್ಪರ್ಧೆಯ ದಿನವೇ ತಿಳಿಯಬಾರದು.

ನನಗೆ ಹಾಗೆಯೇ ತಿಳಿಯಿತು. ಮೊದಲ ಬೂಯ್ ತಲುಪುವ ಮುಂಚೆಯೇ ಒಂದು ಅಲೆ ಬಾಯೊಳಗೆ ಹೊಕ್ಕು, ಕೆಮ್ಮು ಹತ್ತಿ, ಜೀವ ಬಾಯಿಗೆ ಬಂದಂತಾಯಿತು. ಬೆನ್ನ ಮೇಲೆ ಮಲಗಿ ಆಕಾಶ ನೋಡುತ್ತಾ ಇಪ್ಪತ್ತು ಉಸಿರು ಎಣಿಸಿದೆ. ಹದಿಮೂರನೆಯದಕ್ಕೆ ಕೆಮ್ಮು ನಿಂತಿತ್ತು, ಆದರೂ ಇಪ್ಪತ್ತು ಮುಗಿಸಿದೆ. ಅದಕ್ಕೆ ಹಿಡಿದದ್ದು ಒಂದೂವರೆ ನಿಮಿಷ ಇರಬಹುದು. ಲೆಕ್ಕದ ಹಾಳೆಯಲ್ಲಿ ಈಜಿಗೆ ಹತ್ತು ನಿಮಿಷ ಮಿಗಿಸಿಟ್ಟಿದ್ದರಿಂದ ಆ ಒಂದೂವರೆ ನಿಮಿಷಕ್ಕೆ ನಾನು ಗಾಬರಿಯಾಗಲಿಲ್ಲ. ರಕ್ಷಣೆಗೆ ನಿಂತಿರುವ ಕಯಾಕ್ ದೋಣಿಗಳನ್ನು ಹಿಡಿದು ಸುಧಾರಿಸಿಕೊಳ್ಳಲೂ ಅವಕಾಶವಿರುತ್ತದೆ, ಮುಂದಕ್ಕೆ ಎಳೆಸಿಕೊಳ್ಳುವಂತಿಲ್ಲ, ಅಷ್ಟೇ. ಈ ನಿಯಮ ಗೊತ್ತಿಲ್ಲದೆ, ಮುಟ್ಟಿದರೆ ಹೊರಹಾಕುತ್ತಾರೆಂದು ಹೆದರಿ ಒದ್ದಾಡುವವರು ಹಲವರು. ಎದೆ ಹಿಂಡಿದಂತಾದರೆ, ತಲೆ ಸುತ್ತಿದರೆ ಕೈ ಎತ್ತಿ. ಅದನ್ನು ಮನೋಬಲದಿಂದ ಗೆಲ್ಲುವ ಪ್ರಶ್ನೆಯೇ ಇಲ್ಲ. ಟ್ರಯಥ್ಲಾನ್‌ಗಳಲ್ಲಿ ಸಂಭವಿಸಿರುವ ಸಾವುಗಳಲ್ಲಿ ಹೆಚ್ಚಿನವು ಈಜಿನಲ್ಲೇ ಆಗಿವೆ. ನಲವತ್ತು ದಾಟಿದವರು ತಯಾರಿ ಆರಂಭಿಸುವ ಮೊದಲೇ ಹೃದಯದ ತಪಾಸಣೆ ಮಾಡಿಸಿಕೊಂಡರೆ ಮನಸ್ಸಿನ ಅರ್ಧ ಭಾರ ಅಲ್ಲಿಯೇ ಇಳಿಯುತ್ತದೆ.

ಎರಡು ತಿಂಗಳ ಮುಂಚೆ: ಹಸಿದ ತಲೆಯನ್ನು ಗುರುತಿಸಿ

ನಾಲ್ಕು ಗಂಟೆ ಮೀರಿದ ಅಭ್ಯಾಸಗಳಲ್ಲಿ ಒಂದು ವಿಚಿತ್ರ ಗಮನಕ್ಕೆ ಬರುತ್ತದೆ. ಇದ್ದಕ್ಕಿದ್ದಂತೆ ಎಲ್ಲವೂ ವ್ಯರ್ಥವೆನಿಸುತ್ತದೆ, ದುಡ್ಡು ಹಾಳಾಯಿತೆನಿಸುತ್ತದೆ, ಹೆಂಡತಿ ಮಕ್ಕಳನ್ನು ಬಿಟ್ಟು ಇಲ್ಲೇನು ಮಾಡುತ್ತಿದ್ದೇನೆ ಎಂದು ಅಳು ಬರುವಂತಾಗುತ್ತದೆ. ಒಂದು ಕಡಲೆ ಮಿಠಾಯಿ ತಿಂದು ಹದಿನೈದು ನಿಮಿಷ ಕಳೆದರೆ ಆ ವೈರಾಗ್ಯ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. ರಕ್ತದಲ್ಲಿ ಸಕ್ಕರೆ ಇಳಿದಾಗ ಮಿದುಳು ಆಡುವ ಮಾತು ಅದು. ಹಾಗಾಗಿ ನಿಯಮ ಸರಳ: ಸೈಕಲ್ ಮೇಲೆ ಬಿಟ್ಟುಬಿಡಬೇಕೆನಿಸಿದರೆ ಮೊದಲು ತಿನ್ನಿ, ಕಾಲು ಗಂಟೆ ಬಿಟ್ಟು ಯೋಚಿಸಿ. ಸೈಕಲ್ ಮೇಲೆ ಅರ್ಧ ಗಂಟೆಗೊಮ್ಮೆ ಗಡಿಯಾರದಲ್ಲಿ ಸದ್ದಾಗುವಂತೆ ಇಟ್ಟುಕೊಂಡು, ಹಸಿವಿರಲಿ ಬಿಡಲಿ, ಏನಾದರೂ ಬಾಯಿಗೆ ಹಾಕಿಕೊಳ್ಳುವುದನ್ನು ಅಭ್ಯಾಸದಲ್ಲೇ ರೂಢಿಸಿಕೊಳ್ಳಬೇಕು.

ನೀರಿನ ವಿಷಯದಲ್ಲಿ ತದ್ವಿರುದ್ಧ ಅಪಾಯವಿದೆ. ನಿಧಾನಗತಿಯವರು ಹೆಚ್ಚು ಹೊತ್ತು ದಾರಿಯಲ್ಲಿದ್ದು, ನೀರು, ತಿನಿಸು ಕೊಡುವ ಪ್ರತಿ ಏಡ್ ಸ್ಟೇಷನ್‌ನಲ್ಲೂ ನಿಂತು ಕುಡಿಯುವುದರಿಂದ, ರಕ್ತದ ಸೋಡಿಯಂ ಅಂಶ ಇಳಿದುಹೋಗುವ ಸಂಭವ ಅವರಿಗೇ ಹೆಚ್ಚು. ಹೊಟ್ಟೆ ಗುಳುಗುಳು ಎನ್ನುತ್ತಾ, ಬೆರಳು ಊದಿಕೊಂಡು, ಮಾತು ತಡವರಿಸಿದರೆ ಅದು ಮನಸ್ಸಿನ ದಣಿವಲ್ಲ. ವೈದ್ಯರ ಡೇರೆಗೆ ಹೋಗಬೇಕು.

ಒಂದು ತಿಂಗಳ ಮುಂಚೆ: ಒಂದು ಚೀಟಿ

ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ 1990ರ ದಶಕದಿಂದ ಬರೆಯುತ್ತಾ ಬಂದಿರುವ ಒಂದು ಸಂಗತಿ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ: ‘ಚೆನ್ನಾಗಿ ಮಾಡುತ್ತೇನೆ’ ಎಂಬ ಸಂಕಲ್ಪಕ್ಕಿಂತ ‘ಹೀಗಾದರೆ ಹೀಗೆ ಮಾಡುತ್ತೇನೆ’ ಎಂಬ ನಿರ್ಧಾರ ಹೆಚ್ಚು ಕೆಲಸಕ್ಕೆ ಬರುತ್ತದೆ, ಏಕೆಂದರೆ ಆ ಗಳಿಗೆಯಲ್ಲಿ ಯೋಚಿಸುವ ಅಗತ್ಯವೇ ಬೀಳುವುದಿಲ್ಲ. ಕೆಡಬಹುದಾದದ್ದನ್ನೆಲ್ಲ ಕಲ್ಪಿಸಿಕೊಂಡು ಒಂದು ಅಂಚೆ ಕಾರ್ಡಿನಷ್ಟು ಚೀಟಿಯಲ್ಲಿ ಬರೆಯಿರಿ. ಕನ್ನಡಕದೊಳಗೆ ನೀರು ಬಂದರೆ ಬೆನ್ನ ಮೇಲೆ ತಿರುಗಿ ಸರಿಮಾಡಿಕೊಳ್ಳುತ್ತೇನೆ. ಚೈನ್ ಬಿದ್ದರೆ ಇಳಿದು, ಒಂದು ಉಸಿರು ಬಿಟ್ಟು, ಆಮೇಲೆ ಕೈ ಹಾಕುತ್ತೇನೆ. ಹೊಟ್ಟೆ ತೊಳಸಿದರೆ ಮುಂದಿನ ಎರಡು ಕಿಲೋಮೀಟರ್ ನೀರಷ್ಟೇ ಗುಟುಕರಿಸುತ್ತೇನೆ. ಓಟದ ನಡುವೆ ಮುಗಿಸಿದವರು ಪದಕ ಹಾಕಿಕೊಂಡು ಎದುರು ಬಂದರೆ ಮುಂದಿನ ಕಂಬದವರೆಗೆ ಮಾತ್ರ ನೋಡುತ್ತೇನೆ. ಚೀಟಿಯಲ್ಲಿ ಎಂಟಕ್ಕಿಂತ ಹೆಚ್ಚು ಸಾಲು ಬೇಡ. ವಾರಕ್ಕೆರಡು ರಾತ್ರಿ ಮಲಗುವ ಮುನ್ನ ಕಣ್ಣು ಮುಚ್ಚಿ, ಆ ಕೆಡುಕುಗಳನ್ನೂ ಅವುಗಳಿಗೆ ನೀವು ಕೊಡುವ ಉತ್ತರಗಳನ್ನೂ ಒಂದು ಸಲ ನೋಡಿಕೊಂಡರೆ ಸಾಕು. ಗೆರೆ ದಾಟಿ ಕೈ ಎತ್ತಿ ನಿಂತ ಚಿತ್ರವನ್ನು ನೋಡುತ್ತಾ ಕೂರುವುದರಲ್ಲಿ ನನಗಂತೂ ಹೆಚ್ಚಿನ ಲಾಭ ಕಂಡಿಲ್ಲ.

ಬೆಂಗಳೂರು, ಮೈಸೂರಿನವರು ಈ ತಿಂಗಳಲ್ಲಿ ಒಂದೆರಡು ಸಲ ಮಧ್ಯಾಹ್ನ ಹನ್ನೆರಡಕ್ಕೆ ಸೈಕಲ್ ಇಳಿದು ಅರ್ಧ ಗಂಟೆ ಓಡಿ ನೋಡುವುದು ಒಳ್ಳೆಯದು. ನಮ್ಮ ಊರುಗಳ ಬೆಳಗಿನ ತಂಪಿನಲ್ಲಿ ಸಿಗುವ ವೇಗವನ್ನೇ ಕರಾವಳಿಯ ಬೆವರಿಳಿಸುವ ಮಧ್ಯಾಹ್ನದಲ್ಲೂ ನಿರೀಕ್ಷಿಸಿದವರಿಗೆ ಓಟದ ಮೊದಲ ಕಿಲೋಮೀಟರಿನಲ್ಲೇ ಮನಸ್ಸು ಮುರಿಯುತ್ತದೆ.

ಕೊನೆಯ ವಾರ

ಸಂಶೋಧಕ ಸ್ಯಾಮುಯೆಲೆ ಮಾರ್ಕೋರಾ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, 90 ನಿಮಿಷ ತಲೆಗೆ ಸತತ ಕೆಲಸ ಕೊಟ್ಟ ಮೇಲೆ ಸೈಕಲ್ ತುಳಿದವರು, ಅಷ್ಟೇ ಹೊತ್ತು ಸಾಕ್ಷ್ಯಚಿತ್ರ ನೋಡಿ ತುಳಿದ ದಿನಕ್ಕಿಂತ ಬೇಗ ಕೈಚೆಲ್ಲಿದರು. ಕಾಲುಗಳು ಅವೇ, ಶ್ರಮ ಮಾತ್ರ ಹೆಚ್ಚೆನಿಸಿತ್ತು. ಶನಿವಾರ ರಾತ್ರಿಯವರೆಗೆ ಕಚೇರಿಯ ಫೋನು ಎತ್ತುತ್ತಿದ್ದು ಭಾನುವಾರ ನೀರಿಗಿಳಿಯುವವರು ಇದನ್ನು ಗಮನಿಸಬೇಕು. ಗುರುವಾರಕ್ಕೇ ಕೆಲಸ ಒಪ್ಪಿಸಿ ಹೊರಡಿ. ಶುಕ್ರವಾರದ ನಿದ್ದೆ ಮುಖ್ಯ. ಶನಿವಾರ ರಾತ್ರಿ ಯಾರಿಗೂ ಸರಿಯಾಗಿ ನಿದ್ದೆ ಬರುವುದಿಲ್ಲ, ಬಾರದಿದ್ದರೆ ಕಂಗೆಡಬೇಕಾಗಿಯೂ ಇಲ್ಲ. ಹೊಸ ಬೂಟು, ಹೊಸ ತಿನಿಸು, ಪಕ್ಕದ ಕೋಣೆಯವರ ಹೊಸ ಸಲಹೆ ಮೂರನ್ನೂ ಮುಟ್ಟಬೇಡಿ.

ಸ್ಪರ್ಧೆಯ ದಿನ

ಕತ್ತಲಲ್ಲೇ ಸೈಕಲ್ ಇಟ್ಟಿರುವ ಟ್ರಾನ್ಸಿಷನ್ ಜಾಗಕ್ಕೆ ಹೋಗಿ, ಸೈಕಲ್ಲಿನ ಗಾಳಿ ನೋಡಿ, ನಿಮ್ಮ ಸೈಕಲ್ ಯಾವ ಸಾಲಿನಲ್ಲಿದೆ ಎಂಬುದನ್ನು ನೀರಿನ ಕಡೆಯಿಂದ ಒಮ್ಮೆ ನಡೆದು ಬಂದು ಗುರುತಿಟ್ಟುಕೊಳ್ಳಿ. ಕೆಲಕೆಲವರನ್ನೇ ನೀರಿಗೆ ಬಿಡುವ ಪದ್ಧತಿಯಿದ್ದರೆ ನಿಮ್ಮ ನಿಜವಾದ ಈಜಿನ ಸಮಯದವರ ಗುಂಪಿನಲ್ಲೇ ನಿಲ್ಲಿ; ಬೇಗ ಹೊರಟರೆ ಲಾಭವೆಂದು ಮುಂದೆ ನಿಂತರೆ ಹಿಂದಿನವರೆಲ್ಲ ಮೈಮೇಲೆ ಹತ್ತಿ ಹೋಗುತ್ತಾರೆ. ಮೊದಲ ಇನ್ನೂರು ಮೀಟರನ್ನು ಬೇಕೆಂದೇ ನಿಧಾನವಾಗಿ ಈಜಿ.

ಸೈಕಲ್ ಹ್ಯಾಂಡಲ್ಲಿಗೆ ಅಂಟಿಸಿದ ಪಟ್ಟಿಯಲ್ಲಿ ಮೂರೇ ಸಮಯಗಳಿರಲಿ: 30, 60 ಮತ್ತು 90 ಕಿ.ಮೀ.ಗೆ ನೀವು ಎಷ್ಟು ಗಂಟೆಗೆ ಇರಬೇಕೆಂಬುದು. ನಡುವೆ ಲೆಕ್ಕ ಹಾಕಬೇಡಿ, ದಣಿದ ತಲೆ ತಪ್ಪು ಕೂಡಿಸುತ್ತದೆ. ಓಟದಲ್ಲಿ ನಾಲ್ಕು ಮತ್ತು ಒಂದರ ಲಯವನ್ನು ಮೊದಲ ನಿಮಿಷದಿಂದಲೇ ಹಿಡಿಯಬೇಕು, ಕಾಲು ಸೋತ ಮೇಲೆ ಆರಂಭಿಸಿದರೆ ಒಂದು ನಿಮಿಷದ ನಡಿಗೆ ಹತ್ತಾಗುತ್ತದೆ.

ಕೊನೆಯ ಸುತ್ತಿನಲ್ಲಿ ಏಡ್ ಸ್ಟೇಷನ್‌ಗಳು ಖಾಲಿಯಾಗತೊಡಗಿರುತ್ತವೆ. ನಾನು ಕೊನೆಯದನ್ನು ತಲುಪಿದಾಗ ಹುಡುಗರು ಕ್ರೇಟುಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು, ಮಂಜುಗಡ್ಡೆಯ ಡಬ್ಬಿಯಲ್ಲಿ ಬೆಚ್ಚನೆಯ ನೀರಿತ್ತು, ತಟ್ಟೆಯಲ್ಲಿ ಕಪ್ಪಾದ ಬಾಳೆಹಣ್ಣಿನ ಎರಡು ತುಂಡು. ಅಲ್ಲಿದ್ದ ಹುಡುಗಿಯೊಬ್ಬಳು ಚಪ್ಪಾಳೆ ತಟ್ಟಲಿಲ್ಲ, ಹುರಿದುಂಬಿಸಲಿಲ್ಲ. ಕೈಗಡಿಯಾರ ನೋಡಿ, ‘ಅಂಕಲ್, ಇನ್ನೂ ಇಪ್ಪತ್ತೆಂಟು ನಿಮಿಷ ಇದೆ, ಒಂದೂವರೆ ಕಿಲೋಮೀಟರ್’ ಎಂದು ಹಿಂದಿಯಲ್ಲಿ ಹೇಳಿದಳು. ಅಷ್ಟೂ ದಿನಗಳಲ್ಲಿ ಕೇಳಿದ್ದ ಪ್ರೋತ್ಸಾಹದ ಮಾತುಗಳಿಗಿಂತ ಆ ಎರಡು ಅಂಕಿಗಳಿಂದ ನನ್ನ ಕಾಲು ಹಗುರಾಯಿತು. ನಿಮ್ಮ ಮನೆಯವರು ದಾರಿಯಂಚಿನಲ್ಲಿ ನಿಲ್ಲುವುದಾದರೆ ‘ಬಾ ಬಾ’ ಎಂದು ಕೂಗುವ ಬದಲು ಉಳಿದ ದೂರ, ಉಳಿದ ಸಮಯ ಎರಡನ್ನೇ ಹೇಳುವಂತೆ ಮೊದಲೇ ಕೇಳಿಕೊಳ್ಳಿ.

ಸಮಯ ಮೀರಿದರೆ

ಈ ಸಂಭವವನ್ನು ಮನೆಯವರ ಜೊತೆ ಒಂದು ವಾರ ಮೊದಲೇ ಮಾತಾಡಿಟ್ಟಿರಬೇಕು. ಅಧಿಕಾರಿ ತಡೆದು ನಿಲ್ಲಿಸಿದರೆ ವಾದಕ್ಕಿಳಿಯಬೇಡಿ. ಅವರು ರಸ್ತೆಯನ್ನು ವಾಹನಗಳಿಗೆ ಬಿಟ್ಟುಕೊಡಬೇಕಾದ ಹೊತ್ತದು. ಕಾಲಿಗೆ ಕಟ್ಟಿದ, ಸಮಯ ದಾಖಲಿಸುವ ಚಿಪ್ ಒಪ್ಪಿಸಿ, ನೆರಳಿನಲ್ಲಿ ಕುಳಿತು, ಏನಾದರೂ ತಿಂದು, ಮನೆಯವರಿಗೆ ಕರೆ ಮಾಡಿ. ಆವತ್ತು ರಾತ್ರಿಯೇ, ಬೇಸರ ಇನ್ನೂ ಹಸಿಯಾಗಿರುವಾಗಲೇ, ಯಾವ ಗುರುತಿನಲ್ಲಿ ಎಷ್ಟು ಗಂಟೆಗೆ ಇದ್ದಿರಿ, ಹಾಳೆಯ ಲೆಕ್ಕಕ್ಕೂ ಅದಕ್ಕೂ ಎಲ್ಲಿ ಅಂತರ ಬಿತ್ತು ಎಂದು ಬರೆದಿಡಿ. ಮೂರು ದಿನದ ನಂತರ ನೆನಪು ತನಗೆ ಬೇಕಾದಂತೆ ತಿದ್ದಿಕೊಂಡಿರುತ್ತದೆ. ಬರೆಯಲು ಕೂರುವುದಕ್ಕೂ ಮೊದಲು ಟ್ರಾನ್ಸಿಷನ್‌ಗೆ ಹೋಗಿ, ಅದು ಮುಚ್ಚುವ ಮುಂಚೆ ಸೈಕಲ್ಲನ್ನೂ ಚೀಲಗಳನ್ನೂ ಬಿಡಿಸಿಕೊಂಡು ಬನ್ನಿ. ಕೈಗೆ ಕಟ್ಟಿದ ಪಟ್ಟಿಯನ್ನು ಅಲ್ಲಿಯವರೆಗೆ ಕಿತ್ತೆಸೆಯಬೇಡಿ, ಅದಿಲ್ಲದೆ ಸೈಕಲ್ ಕೊಡುವುದಿಲ್ಲ.